ರೇಡಿಯೊ ಕೋಣೆ: ಟಕ್ ಟಕ್ ಸದ್ದು, ಸಿಲ್ವರ್ ಮರ, ಪಕ್ಕದ ಮನೆಯ ಟೀವಿ

ಹವ್ಯಾಸಿ ರೇಡಿಯೊ ಕುರಿತು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದೆ.

ಪ್ರಶ್ನೆ: ನನ್ನದು ಸಕಲೇಶಪುರ ತಾಲ್ಲೂಕಿನ ತೋಟದ ಮನೆ. ಕಳೆದ ವರ್ಷ ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಸಿಕ್ಕಿತು. 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್ ಸುತ್ತಲಿನ ತರಂಗಾಂತರಗಳಲ್ಲಿ) ಕಿವಿಗೊಟ್ಟರೆ ಹಗಲು ರಾತ್ರಿ ಎನ್ನದೆ ಸೆಕೆಂಡಿಗೊಮ್ಮೆ ಎಂಬಂತೆ ‘ಟಕ್, ಟಕ್’ ಸದ್ದು ಬರುತ್ತದೆ. ಮಂಗಳೂರಿನ ಗೆಳೆಯರ ದನಿ ಅದರಡಿಯಲ್ಲಿ ಹೂತುಹೋಗುತ್ತದೆ. ಸೆಟ್ ಹಳೆಯದಾಗಿದೆ, ಬದಲಾಯಿಸಿ ಎಂದು ಮಾರಾಟಗಾರರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಹೊಸ ಸೆಟ್ಟಿನ ಯೋಚನೆ ಬಿಡಿ. ಗಡಿಯಾರ ಹಿಡಿದು ಎಣಿಸಬಹುದಾದಷ್ಟು ಕ್ರಮವಾಗಿ ಬರುವ ಸದ್ದು ಸಾಮಾನ್ಯವಾಗಿ ಸೆಟ್ಟಿನ ಒಳಗಿನದಲ್ಲ. ನಿಮ್ಮ ಸೀಮೆಯಲ್ಲಿ ಇಂತಹ ಸದ್ದು ಕೇಳಿದರೆ ನನ್ನ ಮೊದಲ ಅನುಮಾನ ಆನೆಗಳನ್ನು ತಡೆಯಲು ಹಾಕಿರುವ ಸೋಲಾರ್ ಬೇಲಿಯ ಮೇಲೆ. ಆ ಬೇಲಿಯ ಯಂತ್ರವು ಸೆಕೆಂಡಿಗೆ ಸುಮಾರು ಒಂದು ಬಾರಿ, ಕೆಲವು ಸಾವಿರ ವೋಲ್ಟಿನ ಅತಿ ಚಿಕ್ಕ ಮಿಡಿತವನ್ನು ತಂತಿಗೆ ಕಳುಹಿಸುತ್ತದೆ. ಬೇಲಿ ಸುಸ್ಥಿತಿಯಲ್ಲಿದ್ದರೆ ರೇಡಿಯೊಗೆ ಅದರಿಂದ ಹೆಚ್ಚೇನೂ ತೊಂದರೆಯಿಲ್ಲ. ಆದರೆ ಕಳೆ ಬೆಳೆದು ತಂತಿಗೆ ತಾಗಿದಲ್ಲಿ, ಇನ್ಸುಲೇಟರ್ ಸೀಳಿದಲ್ಲಿ, ಅಥವಾ ಎರಡು ತಂತಿಗಳನ್ನು ಬಿಗಿಯಾಗಿ ಹೆಣೆಯದೆ ಸುಮ್ಮನೆ ಸುತ್ತಿಬಿಟ್ಟಲ್ಲಿ ಪ್ರತಿ ಮಿಡಿತಕ್ಕೂ ಒಂದು ಕಿಡಿ ಹಾರುತ್ತದೆ, ಆ ಕಿಡಿಯೇ ಒಂದು ಸಣ್ಣ ಪ್ರೇಷಕವಾಗುತ್ತದೆ, ಮೈಲುಗಟ್ಟಲೆ ಚಾಚಿಕೊಂಡ ಬೇಲಿಯ ತಂತಿ ಅದಕ್ಕೆ ಆಂಟೆನಾ ಆಗಿಬಿಡುತ್ತದೆ.

ಆದರೂ ಬೇಲಿಯನ್ನು ದೂರುವ ಮೊದಲು ನಿಮ್ಮ ಮನೆಯನ್ನೇ ಪರೀಕ್ಷಿಸಿ. ಸೆಟ್ಟನ್ನು 12 ವೋಲ್ಟಿನ ಬ್ಯಾಟರಿಗೆ ಜೋಡಿಸಿ ಮನೆಯ ಮೇನ್ ಸ್ವಿಚ್ ಆರಿಸಿ, ಇನ್ವರ್ಟರನ್ನೂ ನಿಲ್ಲಿಸಿ ಕೇಳಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸ್ವಿಚ್ ಹಾಕುತ್ತ ಹೋದರೆ ಸಿಕ್ಕಿಬೀಳುತ್ತಾನೆ. ನನ್ನ ಮನೆಯಲ್ಲಿ ಎರಡು ತಿಂಗಳು ಕಾಡಿದ ಗುಂಯ್‌ಗುಡುವಿಕೆಗೆ ಕಾರಣ ದೇವರ ಮನೆಯ ಅಗ್ಗದ ಎಲ್‌ಇಡಿ ಬಲ್ಬು ಎಂದು ತಿಳಿಯುವಷ್ಟರಲ್ಲಿ ನಾನು ಕೇಬಲ್ಲು, ಆಂಟೆನಾ ಎರಡನ್ನೂ ಬದಲಾಯಿಸಿ ಮುಗಿಸಿದ್ದೆ.

ಮೇನ್ ಆರಿಸಿದ ಮೇಲೂ ‘ಟಕ್’ ಸದ್ದು ಮುಂದುವರಿದರೆ, ಮೀಡಿಯಂ ವೇವ್ ಇರುವ ಒಂದು ಸಣ್ಣ ಟ್ರಾನ್ಸಿಸ್ಟರನ್ನು ಯಾವ ನಿಲಯವೂ ಇಲ್ಲದ ಜಾಗಕ್ಕೆ ತಿರುಗಿಸಿ ಹಿಡಿದುಕೊಂಡು, ಬೇಲಿಯ ಉದ್ದಕ್ಕೂ ಹಗಲಿನಲ್ಲಿ ನಡೆಯಿರಿ. ಸದ್ದು ಎಲ್ಲಿ ಜೋರಾಗುತ್ತದೆಯೋ ಅಲ್ಲಿ ಕಳೆಯನ್ನೂ ಇನ್ಸುಲೇಟರನ್ನೂ ನೋಡಿ. ಕತ್ತಲಾದ ಮೇಲೆ ಕಿಡಿ ಕಣ್ಣಿಗೇ ಕಾಣುತ್ತದೆ ಎಂಬುದು ನಿಜವಾದರೂ, ಆನೆ ತಿರುಗಾಡುವ ಜಾಗದಲ್ಲಿ ರಾತ್ರಿ ಹೊರಗೆ ಹೋಗಿ ಎಂದು ನಾನು ಹೇಳಲಾರೆ. ಬೇಲಿ ಪಕ್ಕದ ತೋಟದವರದ್ದಾದರೆ ‘ನಿಮ್ಮ ಬೇಲಿಯಿಂದ ನನ್ನ ರೇಡಿಯೊ ಹಾಳಾಯಿತು’ ಎಂದು ಮಾತು ಆರಂಭಿಸಬೇಡಿ. ‘ನಿಮ್ಮ ಬೇಲಿಯಲ್ಲಿ ಎಲ್ಲೋ ಕರೆಂಟು ಸೋರುತ್ತಿದೆ, ಅಲ್ಲಿಂದ ಮುಂದಿನ ತಂತಿಯಲ್ಲಿ ಹೊಡೆತದ ಬಲ ಕಡಿಮೆಯಾಗಿರುತ್ತದೆ’ ಎನ್ನಿ. ಅದು ಸತ್ಯವೂ ಹೌದು, ಅವರು ಮರುದಿನವೇ ಆಳು ಕಳುಹಿಸುವುದೂ ಹೌದು. ಕಿಡಿ ಹಾರುತ್ತಿರುವುದು ವಿದ್ಯುತ್ ಕಂಬದ ಮೇಲಾದರೆ ಕಂಬದ ಸಂಖ್ಯೆ ಬರೆದುಕೊಂಡು ಲೈನ್‌ಮನ್ನರಿಗೆ ತಿಳಿಸಿ. ಕಂಬವನ್ನು ತಟ್ಟಿ, ಅಲುಗಾಡಿಸಿ ನೋಡುವ ಸಾಹಸ ಬೇಡ.

ದುರಸ್ತಿ ಆಗುವವರೆಗೆ ಸೆಟ್ಟಿನಲ್ಲಿರುವ ನಾಯ್ಸ್ ಬ್ಲ್ಯಾಂಕರ್ (ಮಿಡಿತ ಬಂದ ಕ್ಷಣ ಮಾತ್ರ ಸದ್ದನ್ನು ತಡೆಯುವ ವ್ಯವಸ್ಥೆ) ಬಳಸಿ. ಇಂತಹ ಬಿಡಿ ಮಿಡಿತಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಎಡೆಬಿಡದ ಗುಂಯ್‌ಗುಡುವಿಕೆಗೆ ಮಾಡುವುದಿಲ್ಲ. ನಿಮ್ಮ ಆಂಟೆನಾ ತಂತಿ ಬೇಲಿಗೆ ಸಮಾನಾಂತರವಾಗಿದ್ದರೆ ಅದನ್ನು ಅಡ್ಡಡ್ಡಲಾಗಿ ತಿರುಗಿಸಿ ಕಟ್ಟುವುದರಿಂದಲೂ ಸದ್ದು ತಗ್ಗುವುದುಂಟು.

ಪ್ರಶ್ನೆ: ಮೂಡಿಗೆರೆ ಸಮೀಪ ನಮ್ಮ ಮನೆಯ ಸುತ್ತ ಸಿಲ್ವರ್ ಮರಗಳಿವೆ. ಅವುಗಳಿಗೇ 40 ಮೀಟರ್ ಬ್ಯಾಂಡಿನ ಡೈಪೋಲ್ (ನಡುವಿನಲ್ಲಿ ಕೇಬಲ್ ಸೇರುವ ತಂತಿ ಆಂಟೆನಾ) ಕಟ್ಟಬಹುದೇ? ಎತ್ತರ ಎಷ್ಟಿರಬೇಕು? ಎರಡು ಮಳೆಗಾಲಗಳಲ್ಲಿ ಎರಡು ಬಾರಿ ತಂತಿ ತುಂಡಾಗಿದೆ. ಸಿಡಿಲಿನ ಭಯವೂ ಇದೆ.

ಉತ್ತರ: ಧಾರಾಳವಾಗಿ ಕಟ್ಟಬಹುದು. 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಡೈಪೋಲಿನ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ, 7.1 ಮೆಗಾಹರ್ಟ್ಸಿಗೆ ಅದು ಸುಮಾರು 20 ಮೀಟರ್, ಅಂದರೆ ಮಧ್ಯದಿಂದ ಆಚೆಗೆ 10, ಈಚೆಗೆ 10. ಕಟ್ಟುವಾಗ ಎರಡೂ ತುದಿಗಳಲ್ಲಿ ಒಂದೊಂದು ಅಡಿ ಹೆಚ್ಚು ಬಿಟ್ಟು, ಎಸ್‌ಡಬ್ಲ್ಯುಆರ್ ಮಾಪಕ (ಆಂಟೆನಾದಿಂದ ಹಿಂತಿರುಗುವ ಶಕ್ತಿಯನ್ನು ತೋರಿಸುವ ಉಪಕರಣ) ನೋಡುತ್ತ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಎತ್ತರದ ಬಗ್ಗೆ ಅತಿಯಾಸೆ ಬೇಡ. ಏಳೆಂಟು ಮೀಟರ್ ಎತ್ತರದ ಡೈಪೋಲ್ ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ನೆತ್ತಿಯ ಕಡೆಗೇ ಕಳುಹಿಸುತ್ತದೆ. ಅದು ಅಯಾನುಗೋಳಕ್ಕೆ (ರೇಡಿಯೊ ಅಲೆಗಳನ್ನು ಹಿಂತಿರುಗಿಸುವ ಮೇಲಿನ ವಾತಾವರಣದ ಪದರಕ್ಕೆ) ತಾಗಿ ಕೊಡೆಯಂತೆ ಸುತ್ತಲೂ ಕೆಳಗಿಳಿಯುವುದರಿಂದ, ಘಟ್ಟದ ಗುಡ್ಡಗಳು ಅಡ್ಡ ನಿಂತಿದ್ದರೂ ಹಗಲಿನಲ್ಲಿ ಮಂಗಳೂರು, ಮೈಸೂರು, ಬೆಂಗಳೂರು, ಹುಬ್ಬಳ್ಳಿ ಸರಾಗವಾಗಿ ಸಿಗುತ್ತವೆ. ರಾತ್ರಿ ಹತ್ತಿರದ ಊರುಗಳು ಮಾಯವಾಗಿ ದೂರದವು ಕೇಳಿಸಿದರೆ ಆಂಟೆನಾ ಕೆಟ್ಟಿತೆಂದು ತಿಳಿಯಬೇಡಿ. ಸೂರ್ಯ ಮುಳುಗಿದ ಮೇಲೆ ಅಯಾನುಗೋಳ ತೆಳುವಾಗಿ, ನೇರ ಮೇಲಕ್ಕೆ ಹೋದ ಅಲೆಗಳನ್ನು ಹಿಂತಿರುಗಿಸುವುದಿಲ್ಲ, ಅಷ್ಟೆ.

ತಂತಿ ತುಂಡಾಗುತ್ತಿರುವುದಕ್ಕೆ ಕಾರಣ ಮಳೆಯಲ್ಲ, ಮರದ ತೂಗಾಟ. ಎರಡು ಮರಗಳಿಗೆ ಬಿಗಿಯಾಗಿ ಎಳೆದು ಕಟ್ಟಿದ ತಂತಿ, ಆಷಾಢದ ಗಾಳಿಗೆ ಆ ಮರಗಳು ಬೇರೆ ಬೇರೆ ದಿಕ್ಕಿಗೆ ಬಾಗಿದಾಗ ಉಳಿಯುವುದಾದರೂ ಹೇಗೆ? ಒಂದು ತುದಿಯನ್ನು ಮರಕ್ಕೆ ಕಟ್ಟಿ. ಇನ್ನೊಂದು ತುದಿಯ ನೈಲಾನ್ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಅದರ ಕೊನೆಗೆ ಮರಳು ತುಂಬಿದ ಕ್ಯಾನು ಇಳಿಬಿಡಿ. ಮರ ಬಾಗಿದರೆ ಕ್ಯಾನು ಮೇಲೇರುತ್ತದೆ, ನೆಟ್ಟಗಾದರೆ ಕೆಳಗಿಳಿಯುತ್ತದೆ, ತಂತಿಯ ಮೇಲಿನ ಎಳೆತ ಮಾತ್ರ ಹೆಚ್ಚೂ ಕಡಿಮೆ ಒಂದೇ ಇರುತ್ತದೆ. ಹಗ್ಗವನ್ನು ಮೇಲೇರಿಸಲು ಗಾಳದ ದಾರಕ್ಕೆ ಸೀಸದ ಗುಂಡು ಕಟ್ಟಿ ಕೊಂಬೆಯ ಮೇಲೆ ಎಸೆದು, ಆ ದಾರದಿಂದ ಹಗ್ಗ ಎಳೆದುಕೊಳ್ಳುವುದು ಸುಲಭ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನು ವಿದ್ಯುತ್ ತಂತಿ ಹಾದುಹೋಗುವಲ್ಲಿ ಎತ್ತಲೇಬೇಡಿ. ತೋಟಗಳಲ್ಲಿ ಏಣಿ ಲೈನಿಗೆ ತಾಗಿ ಜೀವ ಹೋದ ಸಂಗತಿ ನಮ್ಮ ಕಡೆಯವರಿಗೆ ಹೊಸದಲ್ಲ. ಆಂಟೆನಾ ತುಂಡಾಗಿ ಬಿದ್ದರೂ ಲೈನಿನ ಮೇಲೆ ಬೀಳದಷ್ಟು ದೂರದಲ್ಲಿ ಅದನ್ನು ಕಟ್ಟಬೇಕು.

ಸಿಡಿಲಿನ ವಿಷಯದಲ್ಲಿ ಹೂಮಳೆಯ ದಿನಗಳಾದ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳೇ ಹೆಚ್ಚು ಅಪಾಯದವು. ಜಡಿಮಳೆಯ ಜುಲೈಯಲ್ಲಿ ಗುಡುಗು ಕಡಿಮೆ. ಬಳಸದಿದ್ದಾಗ ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ ಕಿಟಕಿಯಿಂದ ಹೊರಗೆ ಹಾಕಿಬಿಡುವುದನ್ನು ನಿತ್ಯದ ಅಭ್ಯಾಸ ಮಾಡಿಕೊಳ್ಳಿ. ಬಿಚ್ಚಿದ ತುದಿಯನ್ನು ಮೇಜಿನ ಮೇಲೆ ಬಿಟ್ಟರೆ ಸಿಡಿಲನ್ನು ಮನೆಯೊಳಗೆ ಕರೆದಂತೆ. ಗುಡುಗು ಕೇಳಿಸಿತೆಂದರೆ ಸಿಡಿಲು ನಿಮ್ಮನ್ನೂ ತಲುಪಬಲ್ಲಷ್ಟು ಹತ್ತಿರ ಬಂದಿದೆ ಎಂದು ತಿಳಿದು, ಆ ಹೊತ್ತಿನಲ್ಲಿ ಕೇಬಲ್ ಮುಟ್ಟುವ ಗೋಜಿಗೆ ಹೋಗಬೇಡಿ. ಕೇಬಲ್ ಗೋಡೆಯೊಳಗೆ ಬರುವ ಜಾಗದ ಹೊರಗೆ ಒಂದು ಅರ್ಥಿಂಗ್ ರಾಡ್ ಹೂಳಿ, ಅದನ್ನು ಮನೆಯ ವಿದ್ಯುತ್ ಅರ್ಥಿಂಗಿಗೂ ದಪ್ಪ ತಂತಿಯಿಂದ ಜೋಡಿಸಿ. ಎರಡು ಅರ್ಥಿಂಗ್‌ಗಳನ್ನು ಬೇರೆ ಬೇರೆಯಾಗಿ ಬಿಟ್ಟರೆ ಸಿಡಿಲು ಹೊಡೆದಾಗ ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ನಿಮ್ಮ ಸೆಟ್ಟಿನ ಮೂಲಕವೇ ಹರಿಯುತ್ತದೆ. ಇಷ್ಟೆಲ್ಲ ಮಾಡಿದರೂ ನೇರ ಸಿಡಿಲಿಗೆ ಖಚಿತವಾದ ರಕ್ಷಣೆ ಇಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ ಕೊಂಡ ಎರಡು ವಾಕಿ-ಟಾಕಿ ಕೈ ಸೆಟ್‌ಗಳಿವೆ. ನನ್ನ ಮಗ ಹ್ಯಾಮ್ ಪರೀಕ್ಷೆ ಪಾಸಾದರೆ, ಆಲ್ದೂರಿನ ತೋಟದಲ್ಲಿ ರೈಟರ (ಕೆಲಸ ನೋಡಿಕೊಳ್ಳುವ ಗುಮಾಸ್ತರ) ಜೊತೆ ಅವುಗಳಲ್ಲಿ ಮಾತಾಡಬಹುದೇ?

ಉತ್ತರ: ಇಲ್ಲ. ಹವ್ಯಾಸಿ ಪರವಾನಗಿ ವ್ಯವಹಾರದ ಮಾತಿಗೆ ಇರುವುದಲ್ಲ. ಅದು ಮಗನಿಗೆ ಸೇರಿದ್ದೇ ಹೊರತು ನಿಮಗೂ ರೈಟರಿಗೂ ಅದರ ಹಕ್ಕು ಬರುವುದಿಲ್ಲ. ತೋಟದ ಕೆಲಸಕ್ಕೆ ಬೇಕಾದರೆ 446.0ರಿಂದ 446.2 ಮೆಗಾಹರ್ಟ್ಸ್ ವ್ಯಾಪ್ತಿಯ, ಪರವಾನಗಿಯಿಂದ ವಿನಾಯಿತಿ ಪಡೆದ, ಸರ್ಕಾರದ ಅನುಮೋದನೆಯಿರುವ ಕಡಿಮೆ ಶಕ್ತಿಯ ಸೆಟ್‌ಗಳನ್ನು ಕೊಳ್ಳಿ. ಈಗಿರುವ ಎರಡನ್ನು, ಪರವಾನಗಿ ಕೈಗೆ ಬರುವ ತನಕ, ಕುತೂಹಲಕ್ಕೂ ಒತ್ತಿ ನೋಡಬೇಡಿ. ಅವು ಪೊಲೀಸ್ ಮತ್ತಿತರ ಸೇವೆಗಳ ತರಂಗಾಂತರಗಳಲ್ಲೂ ಪ್ರಸಾರ ಮಾಡಬಲ್ಲಂಥವು ಆಗಿರುವುದುಂಟು.

ಪ್ರಶ್ನೆ: ಚಿಕ್ಕಮಗಳೂರು ಪೇಟೆಯಲ್ಲಿ ಒತ್ತೊತ್ತಾದ ಮನೆಗಳು. ನಾನು ಮಾತಾಡಿದಾಗಲೆಲ್ಲ ತಮ್ಮ ಟೀವಿಯಲ್ಲಿ ಗೆರೆ ಬರುತ್ತದೆ, ಸ್ಪೀಕರಿನಲ್ಲಿ ಗೊರಗೊರ ಸದ್ದು ಬರುತ್ತದೆ ಎಂದು ಪಕ್ಕದ ಮನೆಯ ಆಂಟಿ ಹೇಳುತ್ತಾರೆ. ನನ್ನ ಪರವಾನಗಿ ಸರಿಯಾಗಿದೆ. ಸುಮ್ಮನಿರಬಹುದಲ್ಲವೇ?

ಉತ್ತರ: ಸುಮ್ಮನಿರಬೇಡಿ. ಪರವಾನಗಿಯ ಪ್ರತಿ ತೋರಿಸಿದರೆ ಅವರ ಧಾರಾವಾಹಿ ಸರಿಯಾಗುವುದಿಲ್ಲ. ಒಂದು ವಾರ ನಿಮ್ಮ ಲಾಗ್ ಪುಸ್ತಕದಲ್ಲಿ ಪ್ರಸಾರದ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಬರೆಯಿರಿ, ಅವರಿಗೂ ತೊಂದರೆಯಾದ ಹೊತ್ತನ್ನು ಗುರುತು ಹಾಕಿಕೊಳ್ಳಲು ಹೇಳಿ. ಎರಡೂ ತಾಳೆಯಾಗದಿದ್ದರೆ ತಪ್ಪು ನಿಮ್ಮದಲ್ಲ, ಅದನ್ನು ಅವರೇ ಕಂಡುಕೊಳ್ಳುತ್ತಾರೆ.

ತಾಳೆಯಾದರೆ ಮೊದಲು ನಿಮ್ಮ ಕಡೆಯದನ್ನು ಸರಿಪಡಿಸಿ. ಶಕ್ತಿಯನ್ನು 50 ವ್ಯಾಟಿನಿಂದ 10ಕ್ಕೆ ಇಳಿಸಿ ನೋಡಿ. ಡೈಪೋಲಿಗೆ ಕೇಬಲ್ ಸೇರುವ ಜಾಗದಲ್ಲಿ ಆ ಕೇಬಲ್ಲನ್ನೇ ಗೇಣಗಲದ ಎಂಟು ಸುತ್ತು ಸುತ್ತಿ ಟೇಪು ಹಾಕಿದರೆ, ಕೇಬಲ್ಲಿನ ಹೊರಮೈಯಲ್ಲಿ ಹರಿದು ಮನೆಗಳ ನಡುವೆ ಇಳಿಯುವ ಅಲೆ ಬಹುಮಟ್ಟಿಗೆ ತಡೆಯಲ್ಪಡುತ್ತದೆ. ನನ್ನ ಅನುಭವದಲ್ಲಿ ಇಂತಹ ದೂರುಗಳು ಹೆಚ್ಚಾಗಿ ಇಲ್ಲಿಗೇ ಮುಗಿದಿವೆ. ಉಳಿದದ್ದು ಅವರ ಮನೆಯ ಕಡೆಯದು. ಸ್ಪೀಕರಿನ ತಂತಿಗೆ ಫೆರೈಟ್ ಉಂಗುರ (ತಂತಿಯಲ್ಲಿ ನುಗ್ಗುವ ರೇಡಿಯೊ ಅಲೆಯನ್ನು ತಡೆಯುವ ಕಾಂತೀಯ ಬಳೆ) ಹಾಕಿ, ಮೂರು ನಾಲ್ಕು ಸುತ್ತು ಹಾಯಿಸಿ. ಅವರದು ಕೇಬಲ್ ಟೀವಿಯಾದರೆ, ತಾರಸಿಯ ಮೇಲೆ ಬರಿಗೈಯಲ್ಲಿ ತಿರುಚಿ ಬಿಟ್ಟ ಜೋಡಣೆಗಳನ್ನು ನೋಡಿ. 144ರಿಂದ 146 ಮೆಗಾಹರ್ಟ್ಸಿನ ನಮ್ಮ 2 ಮೀಟರ್ ಬ್ಯಾಂಡ್ ಕೇಬಲ್ಲಿನೊಳಗೆ ಟೀವಿ ವಾಹಿನಿಗಳು ಹರಿಯುವ ವ್ಯಾಪ್ತಿಯಲ್ಲೇ ಇರುವುದರಿಂದ, ಸಡಿಲ ಜೋಡಣೆಯಿದ್ದರೆ ಒಳನುಗ್ಗುತ್ತದೆ. ಫೆರೈಟಿನ ಖರ್ಚು ನೀವೇ ಭರಿಸಿ. ಅದು ನಿಯಮವಲ್ಲ, ಅಕ್ಕಪಕ್ಕದ ಬಾಳಿಗೆ ಬೇಕಾದದ್ದು.

ಪ್ರಶ್ನೆ: ಹಾಸನದ ಸಾಲಗಾಮೆ ರಸ್ತೆಯ ಕಡೆ ನಮ್ಮ ಮನೆ. ಇಸ್ರೋದ ದೊಡ್ಡ ಡಿಶ್ ಆಂಟೆನಾಗಳಿಂದಾಗಿಯೇ ನನ್ನ 2 ಮೀಟರ್ ಸೆಟ್ಟಿನಲ್ಲಿ ದೂರದವರು ಸಿಗುತ್ತಿಲ್ಲವೇ? 5 ವ್ಯಾಟಿನ ಸೆಟ್, ತಾರಸಿಯ ಆಂಟೆನಾ, 30 ಮೀಟರ್ ಆರ್‌ಜಿ-58 ಕೇಬಲ್ ಇದೆ.

ಉತ್ತರ: ಕಾರಣ ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲೇ ಇದೆ. 1982ರಿಂದ ಹಾಸನದಲ್ಲಿರುವ ಮುಖ್ಯ ನಿಯಂತ್ರಣ ಕೇಂದ್ರದ ಆಂಟೆನಾಗಳು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳನ್ನು ನೋಡುತ್ತಿವೆ, ಅವು ಬಳಸುವುದು ಸಾವಿರಾರು ಮೆಗಾಹರ್ಟ್ಸಿನ ಅಲೆಗಳನ್ನು. ನಿಮ್ಮ 145 ಮೆಗಾಹರ್ಟ್ಸಿಗೂ ಅವಕ್ಕೂ ಸಂಬಂಧವಿಲ್ಲ. ಆದರೆ ತೆಳುವಾದ ಆರ್‌ಜಿ-58 ಕೇಬಲ್ 30 ಮೀಟರ್ ಉದ್ದದಲ್ಲಿ 145 ಮೆಗಾಹರ್ಟ್ಸಿನಲ್ಲಿ ಸುಮಾರು 6 ಡೆಸಿಬೆಲ್, ಅಂದರೆ ಶಕ್ತಿಯ ಮುಕ್ಕಾಲು ಪಾಲು ನುಂಗುತ್ತದೆ. ಹೊರಟ 5 ವ್ಯಾಟಿನಲ್ಲಿ ಆಂಟೆನಾ ಮುಟ್ಟುವುದು ಒಂದೂ ಕಾಲು ವ್ಯಾಟ್ ಮಾತ್ರ. ಕೇಳಿಸಿಕೊಳ್ಳುವಾಗಲೂ ಅದೇ ನಷ್ಟ. ಕೇಬಲ್ ಸುತ್ತಿ ಬಿಟ್ಟಿದ್ದರೆ ಬೇಕಾದಷ್ಟೇ ಉಳಿಸಿ ಕತ್ತರಿಸಿ, ಅಥವಾ ದಪ್ಪನೆಯ ಆರ್‌ಜಿ-213 ಹಾಕಿ. ಹೊರಗಿನ ಕನೆಕ್ಟರನ್ನು ಬಿಚ್ಚಿ ನೋಡಿ: ಒಳಗಿನ ತಾಮ್ರದ ಹೆಣಿಗೆ ಕಪ್ಪಾಗಿದ್ದರೆ ಮಳೆನೀರು ಹೊಕ್ಕಿದೆ, ಆ ಕೇಬಲ್ಲಿಗೆ ಮರುಜೀವವಿಲ್ಲ. ಹೊಸದಕ್ಕೆ ರಬ್ಬರಿನ ಸ್ವಯಂ ಬೆಸೆಯುವ ಟೇಪು ಸುತ್ತಿ, ಗೋಡೆಯೊಳಗೆ ಬರುವ ಮುನ್ನ ಕೇಬಲ್ಲನ್ನು ಒಮ್ಮೆ ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಈ ಬ್ಯಾಂಡಿನಲ್ಲಿ ಎತ್ತರವೇ ಬಂಡವಾಳ. ಸುತ್ತಲ ನೆಲಕ್ಕಿಂತ ಸಾವಿರ ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಿಂದ ರೇಡಿಯೊ ದಿಗಂತ ಸುಮಾರು 130 ಕಿಲೋಮೀಟರ್ ದೂರದಲ್ಲಿದೆ. ಹತ್ತು ಮೀಟರ್ ಎತ್ತರದ ನಿಮ್ಮ ತಾರಸಿಯಿಂದ 13.

ಪ್ರಶ್ನೆ: ಕಡೂರಿನ ನನ್ನ ಮಗಳಿಗೆ 13 ವರ್ಷ. ಹ್ಯಾಮ್ ಪರೀಕ್ಷೆ ಬರೆಯಬಹುದೇ? ಇಂಗ್ಲಿಷ್ ಸರಾಗವಾಗಿ ಬಾರದು ಎಂಬ ಅಳುಕು ಅವಳಿಗೆ.

ಉತ್ತರ: 12 ತುಂಬಿದ್ದರೆ ಸಾಕು. ಪರವಾನಗಿಯ ನಿರ್ಬಂಧಿತ ದರ್ಜೆಗೆ ರೇಡಿಯೊ ತತ್ತ್ವ ಮತ್ತು ನಿಯಮಗಳ ಲಿಖಿತ ಪರೀಕ್ಷೆ ಮಾತ್ರ. ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ ಭಾಷೆ) ಬೇಕಾಗುವುದು ಸಾಮಾನ್ಯ ದರ್ಜೆಗೆ, ನಿಮಿಷಕ್ಕೆ 8 ಪದಗಳ ವೇಗದಲ್ಲಿ. ಅರ್ಜಿಯನ್ನು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಜಾಲತಾಣದಲ್ಲಿ ಸಲ್ಲಿಸಬೇಕು. ಓಮನ ನಿಯಮ, ಕೆಪಾಸಿಟರ್, ಟ್ರಾನ್ಸಿಸ್ಟರ್ ಇವು ಅವಳ ಶಾಲೆಯ ಪಾಠಕ್ಕಿಂತ ತುಸು ಮುಂದಿನವು, ಆದ್ದರಿಂದ ನಾಲ್ಕೈದು ತಿಂಗಳು ಸಮಯ ಕೊಡಿ. ಭಾಷೆಯ ಅಳುಕು ಬೇಡ. ಬೆಳಿಗ್ಗೆ 40 ಮೀಟರಿನಲ್ಲಿ ಕಿವಿಗೊಟ್ಟರೆ ಕರೆಸಂಕೇತವನ್ನು (ಪ್ರತಿ ಹ್ಯಾಮ್ ನಿಲಯದ ಗುರುತಿನ ಅಕ್ಷರಗಳನ್ನು) ಆಲ್ಫಾ, ಬ್ರಾವೊ ಎಂದು ಹೇಳಿ, ಉಳಿದ ಮಾತನ್ನೆಲ್ಲ ಕನ್ನಡದಲ್ಲೇ ಆಡುವವರು ಸಿಗುತ್ತಾರೆ. ಅವಳ ಪಕ್ಕದಲ್ಲಿ ಕುಳಿತು ನೀವೂ ಕೇಳಿ. ಒಂದೇ ಪುಸ್ತಕದಲ್ಲಿ ಇಬ್ಬರೂ ಓದಿ ಪರೀಕ್ಷೆಗೆ ಕೂರಲು ಯಾವ ಅಡ್ಡಿಯೂ ಇಲ್ಲ.