ಬ್ಯಾಟ್‌ಮ್ಯಾನ್ ಮೊದಲಿಂದಲೂ ಯಾರನ್ನೂ ಕೊಲ್ಲುತ್ತಿರಲಿಲ್ಲವೇ?
ಇಲ್ಲ, ಕೊಲ್ಲುತ್ತಿದ್ದ. 1939ರ ಮೊದಲ ಕಾಮಿಕ್ಸ್ ಕಥೆಯಲ್ಲೇ ಅವನ ಗುದ್ದಿಗೆ ಖಳ ಆಸಿಡ್ ತೊಟ್ಟಿಗೆ ಬಿದ್ದು ಸಾಯುತ್ತಾನೆ. ಇವನಿಗೆ ಬೇಜಾರೇ ಇಲ್ಲ, ತಕ್ಕ ಸಾವು ಅನ್ನುತ್ತಾನೆ! 1940ರಲ್ಲಿ ವಿಮಾನದಿಂದ ಲಾರಿಯ ಮೇಲೆ ಮೆಷಿನ್ ಗನ್ ಹಾರಿಸಿದ. ಅದಾದ ಮೇಲೆ ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಬಂದೂಕು, ಕೊಲೆ ಎರಡೂ ಬೇಡ ಅಂದರು. ಓದುವವರಲ್ಲಿ ಮಕ್ಕಳೇ ಜಾಸ್ತಿ, ಅಲ್ವಾ? ಅಪ್ಪ ಅಮ್ಮ ಗುಂಡೇಟಿಗೆ ಸತ್ತದ್ದರಿಂದ ಅವನು ಬಂದೂಕು ಮುಟ್ಟುವುದಿಲ್ಲ ಅನ್ನುವ ಕಾರಣ ಆಮೇಲೆ ಗಟ್ಟಿಯಾಯಿತು.

ಹಾಗಾಗಿ ಸಿನಿಮಾದಲ್ಲಿ ಅವನು ಯಾರನ್ನಾದರೂ ಕೊಂದಾಗೆಲ್ಲ ಜಗಳ ಶುರು. ‘ಇವನು ನಮ್ಮ ಬ್ಯಾಟ್‌ಮ್ಯಾನೇ ಅಲ್ಲ’ ಅಂತ ಒಬ್ಬರು, ‘ಮೂಲದಲ್ಲಿ ಇದ್ದದ್ದೇ ಹೀಗೆ’ ಅಂತ ಇನ್ನೊಬ್ಬರು. ನನಗಂತೂ ಕೊಲ್ಲದವನೇ ಇಷ್ಟ. ಸುಮ್ನೆ ಗುಂಡು ಹಾರಿಸುವುದು ಸುಲಭ. ಅವನ ಬದ್ಧವೈರಿ ಜೋಕರ್‌ನನ್ನು ಪ್ರತಿ ಸಲ ಜೀವಂತ ಹಿಡಿಯಬೇಕಲ್ಲ, ಕಥೆಗೆ ಮಜಾ ಬರುವುದೇ ಅಲ್ಲಿ.