ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿಂದಿನ ಆಕ್ಸಲ್‌ಗೆ ಎಂಥ ಎಲ್‌ಎಸ್‌ಡಿ?

ಪ್ರಶ್ನೆ: ನನ್ನದು ಹಿಂದಿನ ಚಕ್ರಗಳಿಂದ ಚಲಿಸುವ ಸ್ಪೋರ್ಟ್ಸ್ ಕಾರು. ಅದಕ್ಕೆ ಕಾರ್ಖಾನೆಯಿಂದಲೇ, ಒಂದು ಚಕ್ರ ಮಾತ್ರ ಜಾರಿ ತಿರುಗುವುದಕ್ಕೆ ಮಿತಿ ಹಾಕುವ ವಿಸ್ಕಸ್ ಮಾದರಿಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಎಲ್‌ಎಸ್‌ಡಿ, ಬಂದಿದೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಂಡ ಮೇಲೆ, ತಿರುವಿನಿಂದ ಹೊರಬರುತ್ತ ಆಕ್ಸಲರೇಟರ್ ಒತ್ತಿದರೆ ಒಳಗಿನ ಚಕ್ರ ಸುಮ್ಮನೆ ಗಿರಗಿರನೆ ತಿರುಗುತ್ತದೆ. ಗೇರ್ ಮಾದರಿ ಹಾಕಿಸಲೇ, ಪ್ಲೇಟ್ ಮಾದರಿ ಹಾಕಿಸಲೇ? ಅತಿ ಹೆಚ್ಚು ಲಾಕ್ ಆಗುವುದನ್ನೇ, ಅಂದರೆ ಎರಡು ಚಕ್ರಗಳನ್ನು ಅತಿ ಬಿಗಿಯಾಗಿ ಬೆಸೆಯುವುದನ್ನೇ, ಕೊಳ್ಳಬೇಕೆಂದು ಗೆಳೆಯರು ಹೇಳುತ್ತಾರೆ.

ಉತ್ತರ: ತಿರುವಿನಲ್ಲಿ ಕಾರಿನ ಭಾರ ಹೊರಗಿನ ಚಕ್ರಗಳ ಕಡೆಗೆ ಸರಿಯುವುದರಿಂದ ಒಳಗಿನ ಹಿಂಚಕ್ರಕ್ಕೆ ಹಿಡಿತ ಕಡಿಮೆಯಾಗುತ್ತದೆ. ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಸಾಮಾನ್ಯ ಡಿಫರೆನ್ಷಿಯಲ್ ಎರಡಕ್ಕೂ ಸಮಾನ ಟಾರ್ಕ್, ಅಂದರೆ ತಿರುಗಿಸುವ ಬಲ, ಹಂಚುತ್ತದೆಯಾದ್ದರಿಂದ, ಹಿಡಿತ ಕಳೆದುಕೊಂಡ ಚಕ್ರ ಎಷ್ಟನ್ನು ನೆಲಕ್ಕೆ ದಾಟಿಸಬಲ್ಲುದೋ ಅಷ್ಟು ಮಾತ್ರವೇ ಇನ್ನೊಂದು ಚಕ್ರಕ್ಕೂ ಸಿಗುತ್ತದೆ. ಆಟೊ ಯೂನಿಯನ್ ಗ್ರ್ಯಾಂಡ್ ಪ್ರಿ ಕಾರಿನ ಹಿಂಚಕ್ರ ಭಾರೀ ವೇಗದಲ್ಲೂ ಹೀಗೆಯೇ ಹಿಡಿತ ಬಿಡುತ್ತಿದ್ದುದರಿಂದಲೇ ಅದನ್ನು ರೂಪಿಸಿದ ಫರ್ಡಿನಾಂಡ್ ಪೋರ್ಷೆ 1935ರಲ್ಲಿ ಗೇರ್ ತಯಾರಿಸುವ ಝಡ್‌ಎಫ್ ಕಂಪನಿಗೆ ಎಲ್‌ಎಸ್‌ಡಿ ರೂಪಿಸುವ ಕೆಲಸ ಒಪ್ಪಿಸಿದರು.

ನಿಮ್ಮ ಕಾರಿನಲ್ಲಿರುವ ವಿಸ್ಕಸ್ ಮಾದರಿಯೊಳಗೆ ಸಿಲಿಕೋನ್ ದ್ರವದಲ್ಲಿ ಮುಳುಗಿದ ತೆಳು ತಟ್ಟೆಗಳಿರುತ್ತವೆ. ಎರಡು ಚಕ್ರಗಳ ವೇಗದಲ್ಲಿ ವ್ಯತ್ಯಾಸ ಹುಟ್ಟಿದ ನಂತರವೇ ಆ ದ್ರವ ಪ್ರತಿರೋಧ ಒಡ್ಡುತ್ತದೆ. ಅಂದರೆ ಚಕ್ರ ಜಾರಿದ ಮೇಲೆ ಎಚ್ಚರಗೊಳ್ಳುವ ವ್ಯವಸ್ಥೆ ಇದು. ಹಳೆಯದಾದಂತೆ ದ್ರವದ ಗುಣ ಕುಂದುತ್ತದೆ, ಮೊಹರಾದ ಘಟಕವಾದ್ದರಿಂದ ದುರಸ್ತಿಗೂ ಹೆಚ್ಚು ಅವಕಾಶವಿಲ್ಲ. ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನಲ್ಲಿ 1.6 ಲೀಟರ್ ಎಂಜಿನ್ನಿನ ಕಾರುಗಳಿಗೆ ವಿಸ್ಕಸ್ ಎಲ್‌ಎಸ್‌ಡಿ ಐಚ್ಛಿಕವಾಗಿ ದೊರೆಯುತ್ತಿತ್ತು, 1.8 ಲೀಟರ್ ಎಂಜಿನ್ ಬಂದಾಗ ಅದರ ಜಾಗಕ್ಕೆ ಗೇರ್ ಮಾದರಿಯ ಟಾರ್ಸೆನ್ ಬಂತು. ಆದ್ದರಿಂದ ಇದನ್ನು ಬದಲಿಸುವ ನಿಮ್ಮ ನಿರ್ಧಾರ ಸರಿಯಾಗಿಯೇ ಇದೆ.

ಟಾರ್ಸೆನ್, ಕ್ವೈಫ್ ಮೊದಲಾದ ಗೇರ್ ಮಾದರಿಗಳು ಹಲ್ಲುಗಳ ನಡುವಿನ ಒತ್ತಡ ಮತ್ತು ಘರ್ಷಣೆಯಿಂದ ಕೆಲಸ ಮಾಡುತ್ತವೆ. ಹಿಡಿತ ಕಡಿಮೆಯಿರುವ ಚಕ್ರ ತಾಳಿಕೊಳ್ಳುವ ಟಾರ್ಕಿನ ಇಂತಿಷ್ಟು ಪಟ್ಟು ಇನ್ನೊಂದು ಚಕ್ರಕ್ಕೆ ಹೋಗಬಹುದು ಎಂಬ ಅನುಪಾತವೇ ಇವುಗಳ ಅಳತೆಗೋಲು. ಅನುಪಾತ 2.5 ಇದ್ದು, ಒಳಗಿನ ಚಕ್ರ 200 ನ್ಯೂಟನ್ ಮೀಟರ್ ಟಾರ್ಕನ್ನಷ್ಟೇ ತಾಳಬಲ್ಲುದಾದರೆ, ಹೊರಗಿನ ಚಕ್ರಕ್ಕೆ 500ರವರೆಗೆ ಸಿಗುತ್ತದೆ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಟ್ಟು 400 ಮಾತ್ರ ನೆಲಕ್ಕೆ ತಲುಪುತ್ತಿದ್ದ ಕಡೆ ಈಗ 700 ತಲುಪುತ್ತದೆ. ಆದರೆ ಒಳಗಿನ ಚಕ್ರ ನೆಲಬಿಟ್ಟು ಎದ್ದರೆ ಲೆಕ್ಕವೇ ಬೇರೆ, ಏಕೆಂದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಪ್ಲೇಟ್ ಮಾದರಿಗೆ ಈ ಕೊರತೆಯಿಲ್ಲ: ಸ್ಪ್ರಿಂಗ್‌ಗಳು ಘರ್ಷಣಾ ತಟ್ಟೆಗಳನ್ನು ಮೊದಲೇ ಒತ್ತಿ ಹಿಡಿದಿರುತ್ತವೆ. ಪ್ರೀಲೋಡ್ ಎನ್ನುವ ಈ ಒತ್ತಡದಿಂದಾಗಿ ಒಂದು ಚಕ್ರ ಗಾಳಿಯಲ್ಲಿದ್ದಾಗಲೂ ಇನ್ನೊಂದಕ್ಕೆ ಸ್ವಲ್ಪ ಟಾರ್ಕ್ ಸಿಗುತ್ತದೆ, ಆ ಆರಂಭದ ಮೇಲೆ ಎಂಜಿನ್ನಿನ ಟಾರ್ಕ್ ತಟ್ಟೆಗಳನ್ನು ಮತ್ತಷ್ಟು ಬಿಗಿಯುತ್ತದೆ.

ಇನ್ನು ಗೆಳೆಯರ ಮಾತು. ಪ್ಲೇಟ್ ಮಾದರಿಯವರು ಲಾಕನ್ನು ಶೇಕಡಾವಾರು ಲೆಕ್ಕದಲ್ಲಿ, ಗೇರ್ ಮಾದರಿಯವರು ಅನುಪಾತದಲ್ಲಿ ಹೇಳುವುದರಿಂದ ಎರಡನ್ನು ಹೋಲಿಸುವಾಗ ಎಡವಟ್ಟಾಗುತ್ತದೆ. ಶೇ 40 ಲಾಕ್ ಎಂದರೆ ಟಾರ್ಕ್ 70:30ರಂತೆ ಹಂಚಿಕೆಯಾಗುವುದು. ಅನುಪಾತದಲ್ಲಿ ಅದು ಸುಮಾರು 2.3. ಕಾಗದದ ಮೇಲೆ ದೂರದೂರವಾಗಿ ಕಾಣುವ ಎರಡು ಘಟಕಗಳು ತಿರುವಿನಲ್ಲಿ ಬಹುತೇಕ ಒಂದೇ ಆಗಿರಬಹುದು. ಲಾಕ್ ವಿಪರೀತವಾದರೆ ಎರಡೂ ಹಿಂಚಕ್ರಗಳು ಒಂದೇ ವೇಗದಲ್ಲಿ ತಿರುಗಬಯಸಿ ಕಾರನ್ನು ನೇರಕ್ಕೆ ದೂಡುತ್ತವೆ, ಮೂತಿ ಹೊರಕ್ಕೆ ಜಾರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ: ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಳಚಕ್ರ ಜಾರುತ್ತಿದ್ದಾಗ ಹೊರಚಕ್ರ ಕಾರನ್ನು ಅಡ್ಡಲಾಗಿ ಹಿಡಿದುಕೊಂಡಿರುತ್ತದೆ, ಬಿಗಿಯಾಗಿ ಲಾಕ್ ಆದದ್ದರಲ್ಲಿ ಎರಡೂ ಒಟ್ಟಿಗೆ ಹಿಡಿತ ಬಿಡುವುದರಿಂದ ಬಾಲ ಒಮ್ಮೆಲೇ ಹೊರಳುತ್ತದೆ. ಒದ್ದೆ ರಸ್ತೆಯಲ್ಲಿ ಇದಕ್ಕೆ ಎಚ್ಚರಿಕೆಯೂ ಸಿಗುವುದಿಲ್ಲ. ಡ್ರಿಫ್ಟ್ ಮಾಡುವವರಿಗೆ ಬೇಕಾದದ್ದೇ ಅದು, ನಿಮಗಲ್ಲ.

ಕಾರು ಹೆಚ್ಚಾಗಿ ರಸ್ತೆಯಲ್ಲಿಯೇ ಓಡುವುದಾದರೆ ಗೇರ್ ಮಾದರಿಯನ್ನೇ ಆರಿಸಿಕೊಳ್ಳಿ; ಅದು ಸದ್ದು ಮಾಡುವುದಿಲ್ಲ, ಸವೆದು ಬದಲಿಸಬೇಕಾದ ಘರ್ಷಣಾ ತಟ್ಟೆಗಳೂ ಅದರಲ್ಲಿಲ್ಲ. ರೇಸ್ ಟ್ರ್ಯಾಕಿನ ಅಂಚುಗಟ್ಟೆಗಳ ಮೇಲೆ ಹತ್ತಿಸಿ ಓಡಿಸುವವರಿಗೆ, ಒಳಚಕ್ರ ಮೇಲೇಳುವಷ್ಟು ಬಿಗಿ ಸಸ್ಪೆನ್ಷನ್ ಇರುವವರಿಗೆ ಪ್ಲೇಟ್ ಮಾದರಿ ಸೂಕ್ತ. ಏನನ್ನೇ ಕೊಳ್ಳುವ ಮುನ್ನ ಟೈರುಗಳ ಸ್ಥಿತಿಯನ್ನೂ ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಹಿಂದಿನ ಆ್ಯಂಟಿ ರೋಲ್ ಬಾರನ್ನೂ ಪರೀಕ್ಷಿಸಿ. ಆ ಬಾರ್ ಅತಿ ಬಿಗಿಯಾಗಿದ್ದರೆ ಒಳಚಕ್ರದ ಭಾರವನ್ನು ಅದೇ ಎತ್ತಿಬಿಡುತ್ತದೆ. ಬಾರನ್ನು ಒಂದು ಹಂತ ಸಡಿಲಿಸಿದ್ದರಿಂದಲೇ ಅರ್ಧ ದೂರು ಕಡಿಮೆಯಾದ ಕಾರುಗಳು ಅಪರೂಪವಲ್ಲ.

ಪ್ರಶ್ನೆ: ಪ್ಲೇಟ್ ಎಲ್‌ಎಸ್‌ಡಿಗಳಲ್ಲಿ 1-ವೇ, 1.5-ವೇ, 2-ವೇ ಎಂಬ ವಿಂಗಡಣೆ ಇದೆ. ರಸ್ತೆಯಲ್ಲೂ ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿನಲ್ಲೂ ಓಡಿಸುವ ಕಾರಿಗೆ ಯಾವುದು ಸರಿ?

ಉತ್ತರ: ಈ ವಿಂಗಡಣೆ ಹುಟ್ಟುವುದು ರ‍್ಯಾಂಪ್ ಕೋನದಿಂದ. ಡಿಫರೆನ್ಷಿಯಲ್‌ನ ಅಡ್ಡ ಶಾಫ್ಟ್ ಎರಡು ಒತ್ತುಬಳೆಗಳ ನಡುವಿನ ಇಳಿಜಾರಾದ ಕಚ್ಚುಗಳಲ್ಲಿ ಕುಳಿತಿರುತ್ತದೆ. ಟಾರ್ಕ್ ಬಂದಾಗ ಅದು ಇಳಿಜಾರನ್ನು ಹತ್ತಲು ಯತ್ನಿಸಿ ಬಳೆಗಳನ್ನು ದೂರ ತಳ್ಳುತ್ತದೆ, ಬಳೆಗಳು ತಟ್ಟೆಗಳನ್ನು ಒತ್ತುತ್ತವೆ. ಕೋನವನ್ನು ಒತ್ತುಬಳೆಯ ಮುಖದಿಂದ ಅಳೆದಾಗ 45 ಡಿಗ್ರಿಯಲ್ಲಿ ಹುಟ್ಟುವ ಒತ್ತಡವನ್ನು 1 ಎಂದುಕೊಂಡರೆ, 30 ಡಿಗ್ರಿಯಲ್ಲಿ ಅದು ಸುಮಾರು 1.7, 60 ಡಿಗ್ರಿಯಲ್ಲಿ ಸುಮಾರು 0.6 ಆಗುತ್ತದೆ, 90 ಡಿಗ್ರಿಯಲ್ಲಿ ಏನೂ ಇರುವುದಿಲ್ಲ. ಆಕ್ಸಲರೇಟರ್ ಒತ್ತಿದಾಗ ಒಂದು ಬದಿಯ ಇಳಿಜಾರು ಕೆಲಸ ಮಾಡುತ್ತದೆ, ಬಿಟ್ಟಾಗ ಇನ್ನೊಂದು ಬದಿಯದು. ಎರಡೂ ಬದಿ ಒಂದೇ ಕೋನವಿದ್ದರೆ 2-ವೇ; ಬಿಟ್ಟಾಗಿನ ಬದಿ 90 ಡಿಗ್ರಿ ಇದ್ದರೆ 1-ವೇ; ಬಿಟ್ಟಾಗ ಲಾಕ್ ಕಡಿಮೆಯಾಗಿ ಉಳಿಯುವಂತಿದ್ದರೆ 1.5-ವೇ. 1-ವೇ ಆದರೂ ಪ್ರೀಲೋಡ್ ಸದಾ ಇರುವುದರಿಂದ, ಆಕ್ಸಲರೇಟರ್ ಬಿಟ್ಟಾಗ ಅದು ಸಂಪೂರ್ಣ ಮುಕ್ತವಾಗಿರುತ್ತದೆ ಎಂದು ಭಾವಿಸಬಾರದು.

ಬಿಟ್ಟಾಗಿನ ಲಾಕ್‌ನಿಂದ ಲಾಭವೂ ಇದೆ. ಜೋರಾಗಿ ಬ್ರೇಕ್ ಹಾಕುತ್ತ ತಿರುವಿನೊಳಕ್ಕೆ ಹೋಗುವಾಗ ಅದು ಹಿಂಭಾಗವನ್ನು ನೆಟ್ಟಗೆ ಇಡುತ್ತದೆ. ಅದೇ ಕಾರಣದಿಂದ ಮೂತಿ ತಿರುಗಲು ಹಟ ಮಾಡುತ್ತದೆ. ನೀವು ಹೇಳಿದ ಬಳಕೆಗೆ ನನ್ನ ಆಯ್ಕೆ 1.5-ವೇ. ಇಷ್ಟಾಗಿ, ಹಲವು ಘಟಕಗಳಲ್ಲಿ ಬಳೆಗಳನ್ನು ತಿರುಗಿಸಿಯೋ ಬದಲಿಸಿಯೋ, ತಟ್ಟೆಗಳ ಜೋಡಣೆಯ ಕ್ರಮವನ್ನು ಬದಲಿಸಿಯೋ ಲಾಕನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಆದ್ದರಿಂದ ಮೃದುವಾದ ಹೊಂದಾಣಿಕೆಯಿಂದ ಆರಂಭಿಸಿ, ಸಾಲದಿದ್ದರೆ ಬಿಗಿಗೊಳಿಸುವುದು ಒಳ್ಳೆಯದು.

ಪ್ರಶ್ನೆ: ಹೊಸ ಪ್ಲೇಟ್ ಎಲ್‌ಎಸ್‌ಡಿ ಹಾಕಿಸಿದ ಮೇಲೆ, ಕಾರು ನಿಲ್ಲಿಸಲು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಹಿಂದಿನಿಂದ ಕಟಕಟ ಸದ್ದು ಬರುತ್ತದೆ. ಏನಾದರೂ ಮುರಿದಿದೆಯೇ?

ಉತ್ತರ: ಬಹುಮಟ್ಟಿಗೆ ಇಲ್ಲ. ತಟ್ಟೆಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುವ ಸದ್ದು ಅದು. ತಯಾರಕರು ಸೂಚಿಸಿದ ಜಿಎಲ್-5 ದರ್ಜೆಯ ಎಲ್‌ಎಸ್‌ಡಿ ಆಯಿಲ್ ಹಾಕಿದ್ದಾರೆಯೇ ಎಂದು ವಿಚಾರಿಸಿ. ಖಾಲಿ ಬಯಲಿನಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಎರಡೂ ಕಡೆಗೆ ಸುತ್ತಿಸಿದರೆ ತಟ್ಟೆಗಳು ಪಳಗುತ್ತವೆ, ಆ ನಂತರ ಮೊದಲ ಆಯಿಲ್ ಬೇಗನೆ ಬದಲಿಸಬೇಕು. ಸದ್ದು ಅಡಗಲೆಂದು, ಘರ್ಷಣೆ ತಗ್ಗಿಸುವ ಫ್ರಿಕ್ಷನ್ ಮಾಡಿಫೈಯರನ್ನು ಮೇಲಿಂದ ಮೇಲೆ ಸುರಿಯಬೇಡಿ. ಸದ್ದಿನ ಜೊತೆಗೆ ನೀವು ಹಣ ಕೊಟ್ಟು ಕೊಂಡ ಲಾಕೂ ಅಡಗುತ್ತದೆ.

ಪ್ರಶ್ನೆ: ಎಲ್‌ಎಸ್‌ಡಿ ಘಟಕವನ್ನು ನಾನೇ ಕೂಡಿಸಬಹುದೇ? ಗೇರ್‌ಬಾಕ್ಸ್ ಇಳಿಸಿ ಏರಿಸಿದ ಅನುಭವವಿದೆ.

ಉತ್ತರ: ಡಿಫರೆನ್ಷಿಯಲ್ ಹೌಸಿಂಗನ್ನು ಕಾರಿನಿಂದ ಇಳಿಸುವುದು ನಿಮಗೆ ಕಷ್ಟವಾಗಲಾರದು. ಸೂಕ್ಷ್ಮ ಇರುವುದು ಅದರೊಳಗೆ. ಹೊಸ ಘಟಕಕ್ಕೆ ಕ್ರೌನ್ ಗೇರ್ (ಘಟಕವನ್ನು ತಿರುಗಿಸುವ ದೊಡ್ಡ ಗೇರ್) ವರ್ಗಾಯಿಸಿದಾಗ ಅದು, ತನ್ನನ್ನು ತಿರುಗಿಸುವ ಚಿಕ್ಕ ಗೇರಾದ ಪಿನಿಯನ್‌ಗೆ ಹೋಲಿಸಿದರೆ ಎಳ್ಳಷ್ಟು ಅತ್ತಿತ್ತ ಸರಿದೇ ಕೂರುತ್ತದೆ. ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್, ಸಾಮಾನ್ಯವಾಗಿ 0.10ರಿಂದ 0.20 ಮಿ.ಮೀ. ಆಸುಪಾಸಿನಲ್ಲಿರಬೇಕು, ನಿಖರ ಅಂಕಿ ನಿಮ್ಮ ಕಾರಿನ ವರ್ಕ್‌ಶಾಪ್ ಕೈಪಿಡಿಯಲ್ಲಿರುತ್ತದೆ. ಡಯಲ್ ಗೇಜ್ ಇಟ್ಟು ಕ್ರೌನ್ ಗೇರಿನ ಸುತ್ತಲೂ ಹಲವು ಕಡೆ ಅಳೆಯಬೇಕು, ತೆಳು ಲೋಹದ ಬಿಲ್ಲೆಗಳಾದ ಶಿಮ್‌ಗಳಿಂದ ಅದನ್ನೂ ಬೇರಿಂಗುಗಳ ಬಿಗಿಯನ್ನೂ ಒಟ್ಟಿಗೆ ಹೊಂದಿಸಬೇಕು, ಹಲ್ಲುಗಳಿಗೆ ಗುರುತಿನ ಬಣ್ಣ ಬಳಿದು ತಿರುಗಿಸಿ ಅವು ಮುಟ್ಟುವ ಗುರುತು ಹಲ್ಲಿನ ನಡುಭಾಗದಲ್ಲಿಯೇ ಬೀಳುತ್ತಿದೆಯೇ ಎಂದು ನೋಡಬೇಕು. ಈ ಉಪಕರಣಗಳೂ ಬೇರಿಂಗ್ ಪ್ರೆಸ್ಸೂ ಇಲ್ಲದಿದ್ದರೆ, ಇಳಿಸುವುದು ಏರಿಸುವುದು ನಿಮ್ಮ ಕೈಯಲ್ಲಿರಲಿ, ಒಳಗಿನ ಹೊಂದಾಣಿಕೆಯನ್ನು ತಿಳಿದವರಿಗೆ ಬಿಡಿ. ಹೊಂದಾಣಿಕೆ ತಪ್ಪಿದ ಗೇರುಗಳು ಒಂದು ನಿರ್ದಿಷ್ಟ ವೇಗದಲ್ಲಿ ಊಳಿಡುತ್ತವೆ, ಕ್ರಮೇಣ ಹಲ್ಲುಗಳನ್ನೇ ತಿಂದುಕೊಳ್ಳುತ್ತವೆ. ಪಕ್ಕದ ಬೇರಿಂಗ್, ಆಯಿಲ್ ಸೀಲ್, ಕ್ರೌನ್ ಗೇರಿನ ಬೋಲ್ಟುಗಳನ್ನು ಹೊಸದಾಗಿಯೇ ಹಾಕಿಸಿ. ಅಲ್ಲಿ ಉಳಿತಾಯ ಮಾಡುವುದು ನನಗಂತೂ ಅರ್ಥವಾಗದ ಜಿಪುಣತನ.

ಪ್ರಶ್ನೆ: ಎಲ್‌ಎಸ್‌ಡಿ ಬದಲಿಸಿದರೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ), ಇಎಸ್‌ಸಿ (ಕಾರು ಅಡ್ಡಜಾರದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಕೆಡುತ್ತವೆಯೇ?

ಉತ್ತರ: ಕೆಡುವುದಿಲ್ಲ, ಆದರೆ ಅವುಗಳ ಲೆಕ್ಕಾಚಾರ ವ್ಯತ್ಯಾಸವಾಗಬಹುದು. ಇಎಸ್‌ಸಿ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ಎರಡು ಹಿಂಚಕ್ರಗಳನ್ನು ಬಲವಾಗಿ ಬೆಸೆಯುವ ಎಲ್‌ಎಸ್‌ಡಿ ಇದ್ದರೆ ಆ ಬ್ರೇಕಿನ ಪರಿಣಾಮ ಇನ್ನೊಂದು ಚಕ್ರಕ್ಕೂ ಹರಡುತ್ತದೆ. ಗೇರ್ ಮಾದರಿಯಲ್ಲಿ ಇದು ತೀರ ಕಡಿಮೆ. ಪ್ರೀಲೋಡ್ ಹೆಚ್ಚಿರುವ 2-ವೇ ಪ್ಲೇಟ್ ಮಾದರಿಯಲ್ಲಿ ಗಮನಾರ್ಹ. ಕಾರ್ಖಾನೆಯಲ್ಲಿಯೇ ಎಲೆಕ್ಟ್ರಾನಿಕ್ ನಿಯಂತ್ರಣದ ಡಿಫರೆನ್ಷಿಯಲ್ ಇರುವ ಕಾರಿನಲ್ಲಿ ಅದನ್ನು ಕಿತ್ತು ಯಾಂತ್ರಿಕ ಎಲ್‌ಎಸ್‌ಡಿ ಹಾಕಿದರೆ ನಿಯಂತ್ರಣ ಘಟಕ ದೋಷ ಸೂಚಿಸುವ ಸಂಭವವಿರುವುದರಿಂದ, ಆ ಯೋಚನೆಯನ್ನು ನಾನು ಪ್ರೋತ್ಸಾಹಿಸುವುದಿಲ್ಲ.

ಪ್ರಶ್ನೆ: ಬಳಸಿದ ಎಲ್‌ಎಸ್‌ಡಿ ಒಂದು ಸಿಗುತ್ತಿದೆ. ಹಿಂಚಕ್ರಗಳೆರಡನ್ನೂ ಜಾಕಿನಿಂದ ಎತ್ತಿ ಒಂದನ್ನು ತಿರುಗಿಸಿದಾಗ ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಅದು ಚೆನ್ನಾಗಿದೆ ಎನ್ನಬಹುದೇ?

ಉತ್ತರ: ಆ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಸುಸ್ಥಿತಿಯಲ್ಲಿರುವ ಗೇರ್ ಮಾದರಿಯಲ್ಲೂ ಚಕ್ರಗಳು ವಿರುದ್ಧ ದಿಕ್ಕಿಗೆ ತಿರುಗಬಹುದು, ಸವೆದ ಪ್ಲೇಟ್ ಮಾದರಿಯಲ್ಲೂ ಒಂದೇ ದಿಕ್ಕಿಗೆ ತಿರುಗಬಹುದು. ಪ್ಲೇಟ್ ಮಾದರಿಯಾದರೆ ಒಂದು ಹಿಂಚಕ್ರವನ್ನು ಮಾತ್ರ ಎತ್ತಿ, ಉಳಿದ ಚಕ್ರಗಳಿಗೆ ಅಡ್ಡಗಟ್ಟಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಎತ್ತಿದ ಚಕ್ರವನ್ನು ಟಾರ್ಕ್ ರೆಂಚಿನಿಂದ ತಿರುಗಿಸಿ ನೋಡಿ. ಚಕ್ರ ಕದಲುವಾಗ ತೋರುವ ಅಂಕಿ ತಯಾರಕರು ಹೇಳಿದ ಪ್ರೀಲೋಡಿಗಿಂತ ಬಹಳ ಕಡಿಮೆಯಿದ್ದರೆ ತಟ್ಟೆಗಳೋ ಸ್ಪ್ರಿಂಗುಗಳೋ ದಣಿದಿವೆ ಎಂದರ್ಥ. ಅಂಥ ಘಟಕವನ್ನು ತಟ್ಟೆ ಬದಲಿಸಿ ಮತ್ತೆ ಬಳಸಬಹುದಾದ್ದರಿಂದ ಬೆಲೆ ಮಾತಾಡುವಾಗ ಆ ಖರ್ಚನ್ನು ಕಳೆದು ಮಾತಾಡಿ. ಗೇರ್ ಮಾದರಿಯಾದರೆ ಬಿಚ್ಚಿ ಹಲ್ಲುಗಳನ್ನು ಕಣ್ಣಾರೆ ನೋಡುವುದೊಂದೇ ದಾರಿ.

ಪ್ರಶ್ನೆ: ಹೇಗೂ ಬಿಚ್ಚಿಸುತ್ತಿದ್ದೇನೆ, ಫೈನಲ್ ಡ್ರೈವ್ ಅನುಪಾತವನ್ನೂ (ಕ್ರೌನ್ ಗೇರು ಮತ್ತು ಪಿನಿಯನ್ ಹಲ್ಲುಗಳ ಅನುಪಾತ) 3.9ರಿಂದ 4.3ಕ್ಕೆ ಬದಲಿಸಿಬಿಡಲೇ?

ಉತ್ತರ: ಕೂಲಿ ಒಂದೇ ಸಲ ಬೀಳುತ್ತದೆ ಎಂಬುದು ನಿಜ. ಚಕ್ರಗಳಿಗೆ ತಲುಪುವ ಟಾರ್ಕ್ ಪ್ರತಿ ಗೇರಿನಲ್ಲೂ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಅಷ್ಟೇ ಪ್ರಮಾಣದಲ್ಲಿ ಹೆದ್ದಾರಿಯಲ್ಲಿ ಎಂಜಿನ್ನಿನ ವೇಗ ಹೆಚ್ಚುತ್ತದೆ, ಇಂಧನದ ಬಾಯಾರಿಕೆಯೂ ಏರುತ್ತದೆ. ಒಳಚಕ್ರ ಜಾರುವ ಕಾರಿಗೆ ಇನ್ನಷ್ಟು ಟಾರ್ಕ್ ಕಳುಹಿಸಿದರೆ ಹೊಸ ಎಲ್‌ಎಸ್‌ಡಿಯ ಗುಣವನ್ನು ಅಳೆಯುವುದೂ ಕಷ್ಟವಾಗುತ್ತದೆ. ಬದಲಿಸುವುದೇ ಆದರೆ ಕ್ರೌನ್ ಗೇರು ಮತ್ತು ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು, ಪಿನಿಯನ್ನಿನ ಆಳವನ್ನು ಮೊದಲಿನಿಂದ ಹೊಂದಿಸಬೇಕು. ನಾಲ್ಕು ಚಕ್ರ ಚಾಲನೆಯ ಕಾರಾದರೆ ಮುಂದಿನ ಅನುಪಾತವನ್ನೂ ಅದಕ್ಕೆ ತಕ್ಕಂತೆ ಬದಲಿಸದೆ ಓಡಿಸಲೇಬಾರದು. ಸ್ಪೀಡೊಮೀಟರ್ ತನ್ನ ಸಂಕೇತವನ್ನು ಗೇರ್‌ಬಾಕ್ಸಿನಿಂದ ಪಡೆಯುತ್ತಿದ್ದರೆ ಬದಲಾವಣೆಯ ನಂತರ ಅದು ನಿಜಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. ಚಕ್ರಗಳ ಸೆನ್ಸರುಗಳಿಂದ ಪಡೆಯುತ್ತಿದ್ದರೆ ಏನೂ ವ್ಯತ್ಯಾಸವಾಗುವುದಿಲ್ಲ.