ಹೊರದೇಶದ ಪೋಸ್ಟಿಂಗ್‌ಗೆ ಮಗಳನ್ನೂ ಕರೆದೊಯ್ಯಬೇಕೇ?

ಯಜಮಾನರಿಗೆ ಮೂರು ವರ್ಷ ಹೊರದೇಶದಲ್ಲಿ ಪೋಸ್ಟಿಂಗ್ ಆಗಿದೆ, ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋದರೆ ಅವಳ ಓದು ಕೆಡುತ್ತದೆಯೇ ಎಂದು ಕೇಳಿದ್ದೀರಿ. ಅದೇ ವಯಸ್ಸಿನಲ್ಲಿ ನಾನು ಅಪ್ಪನ ಜೊತೆ ಭೂತಾನ್‌ಗೆ ಹೋದವಳು. ಅಲ್ಲಿನ ಸೈನಿಕರಿಗೆ ತರಬೇತಿ ಕೊಡಲು ನಮ್ಮ ಸೇನೆಯ ತಂಡವೊಂದು 1962ರಿಂದಲೂ ಹಾ ಕಣಿವೆಯಲ್ಲಿದೆ. ಇಮ್‌ಟ್ರಾಟ್ ಎನ್ನುತ್ತಾರೆ.

ಹೊರದೇಶ ಎಂದರೂ ಅದು ಅರ್ಧ ಹೊರದೇಶ. ಭಾರತೀಯರಿಗೆ ವೀಸಾ ಬೇಡ, ಅಂಗಡಿಯಲ್ಲಿ ನಮ್ಮ ರೂಪಾಯಿ ನಡೆಯುತ್ತಿತ್ತು, ಗಡಿಯಾರವೂ ಬರೀ ಅರ್ಧ ಗಂಟೆ ಮುಂದೆ. ನಮಗೆ ಬರುವ ಕಾಗದಗಳ ಮೇಲಂತೂ ದೇಶದ ಹೆಸರೇ ಇರುತ್ತಿರಲಿಲ್ಲ: ಯೂನಿಟ್ಟಿನ ಹೆಸರು, ಕೇರಾಫ್ 99 ಎಪಿಒ ಎಂಬ ಸೇನಾ ಅಂಚೆ ಕಚೇರಿ, ಅಷ್ಟೇ. ನಾವು ಅಸ್ಸಾಮಿನಲ್ಲಿದ್ದೇವೆ ಎಂದೇ ಅಜ್ಜಿ ಕೊನೆಯವರೆಗೂ ನಂಬಿದ್ದರು.

ಶಾಲೆ ಮಾತ್ರ ಪೂರ್ತಿ ಬೇರೆ. ಸಮವಸ್ತ್ರವೆಂದರೆ ಕೀರಾ, ಮೈಗೆ ಸುತ್ತಿ ಸೊಂಟಪಟ್ಟಿಯಿಂದ ಬಿಗಿಯುವ ಉದ್ದನೆಯ ಬಟ್ಟೆ. ಸೀರೆ ಉಡಿಸಲು ಬಲ್ಲ ಅಮ್ಮನಿಗೂ ಅದು ಒಗ್ಗಲಿಲ್ಲ. ಮೊದಲ ದಿನವೇ ಪ್ರಾರ್ಥನೆಯ ಸಾಲಿನಲ್ಲಿ ಬಿಚ್ಚಿಕೊಳ್ಳತೊಡಗಿತು. ಪಕ್ಕದಲ್ಲಿ ನಿಂತಿದ್ದ ಹುಡುಗಿ ಒಂದು ಮಾತೂ ಆಡದೆ ನನ್ನನ್ನು ಮರೆಗೆ ಎಳೆದುಕೊಂಡು ಹೋಗಿ ಕಟ್ಟಿದಳು. ಮುಂದಿನ ಮೂರು ವರ್ಷ ಅವಳ ಬೆಂಚೇ ನನ್ನ ಬೆಂಚು. ಪಾಠವೆಲ್ಲ ಇಂಗ್ಲಿಷಿನಲ್ಲಿದ್ದರೂ ಅಲ್ಲಿನ ರಾಷ್ಟ್ರಭಾಷೆ ಜೊಂಗ್ಖಾ ಕಡ್ಡಾಯ. ಆರು ತಿಂಗಳಲ್ಲಿ ನಾನು ಅದರಲ್ಲಿ ಜಗಳವಾಡುವಷ್ಟು ಕಲಿತೆ. ಮಕ್ಕಳ ಬಗ್ಗೆ ಈ ಚಿಂತೆ ಬಿಡಿ.

ಪೆಟ್ಟು ಬಿದ್ದದ್ದು ವಾಪಸಾದಾಗ. ಇದನ್ನು ನನ್ನ ಮನೆಯಲ್ಲಿ ಯಾರೂ ಊಹಿಸಿರಲಿಲ್ಲ, ಸ್ವದೇಶಕ್ಕೆ ಬರಲು ಮಗುವಿಗೇನು ತಯಾರಿ ಎಂದುಕೊಂಡಿದ್ದರು. ಭೂತಾನ್‌ನಲ್ಲಿ ಗೌರವಕ್ಕೆ ಮಾತಿನ ಕೊನೆಗೆ ‘ಲಾ’ ಸೇರಿಸುತ್ತಾರೆ, ಇಂಗ್ಲಿಷಿಗೂ ಬಿಡುವುದಿಲ್ಲ. ಇಲ್ಲಿನ ಹೊಸ ತರಗತಿಯಲ್ಲಿ ಹಾಜರಿ ಕೂಗಿದಾಗ ಎದ್ದುನಿಂತು ‘ಯೆಸ್ ಸರ್ ಲಾ’ ಎಂದೆ. ಆ ವರ್ಷವಿಡೀ ನನ್ನ ಹೆಸರು ‘ಲಾಲಾ’. ಭೂತಾನ್‌ನಲ್ಲಿ ಟಿವಿ ಪ್ರಸಾರ ಆರಂಭವಾದದ್ದೇ 1999ರಲ್ಲಿ, ನಾವು ಅದಕ್ಕೂ ಮೊದಲೇ ಬಂದಿದ್ದೆವು. ಗೆಳತಿಯರ ಧಾರಾವಾಹಿ ಮಾತುಗಳ ನಡುವೆ ನಾನು ಕಿವುಡಿಯಂತೆ ಕೂರುತ್ತಿದ್ದೆ.

ಇದರ ಮೇಲೆ ಕಾಗದಪತ್ರದ ಗೋಳು. ಅಲ್ಲಿನ ಶಾಲಾವರ್ಷ ಡಿಸೆಂಬರಿಗೆ ಮುಗಿಯುತ್ತದೆ, ಇಲ್ಲಿನದು ಬೇಸಿಗೆಯ ಹೊತ್ತಿಗೆ. ಅಂಕಪಟ್ಟಿಯಲ್ಲಿ ಹಿಂದಿ ಇರಬೇಕಾದಲ್ಲಿ ಜೊಂಗ್ಖಾ ಕಂಡ ಶಾಲೆಯೊಂದು ನನ್ನನ್ನು ಒಂದು ತರಗತಿ ಕೆಳಗೆ ಕೂರಿಸಿತು. ನೀವು ಹೋಗುವ ದೇಶ ಯಾವುದೆಂದು ಬರೆದಿಲ್ಲ. ಯಾವುದೇ ಆಗಲಿ, ಇಲ್ಲಿನ ಭಾಷಾ ಪಠ್ಯಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ಹಾಕಿಕೊಳ್ಳಿ. ಮರಳುವ ಆರು ತಿಂಗಳ ಮೊದಲೇ ಇಲ್ಲಿನ ಶಾಲೆಗೆ ಬರೆಯಿರಿ.

ಕರೆದುಕೊಂಡು ಹೋಗಿ, ಖಂಡಿತ. ಹೊರಡುವಾಗ ಮಾತ್ರ ಅವಳ ಗೆಳತಿಯ ಮನೆ ವಿಳಾಸ ಬರೆದುಕೊಳ್ಳಿ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ನಾವು ಮರೆತೆವು.